ಆರಿದ ಮೇಲೆ

ಮಾರ್ಚ್ ೧೧, ಮಂಗಳವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಅತ್ತಿಗೆಯ ಕೈ ಸುಟ್ಟಿತೆಂದು ಅಣ್ಣ ಫೋನ್ ಮಾಡಿದ ಶನಿವಾರ ಸಂಜೆ ನಾನು ಮೊದಲು ಮಾಡಿದ ಕೆಲಸ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಓಡಿದ್ದಲ್ಲ. ಲ್ಯಾಪ್‌ಟಾಪ್ ತೆರೆದು ಒಂದು ಪದ ತಿದ್ದಿದ್ದು. ಚಪ್ಪಲಿ ಮೆಟ್ಟಿದ್ದು ಆಮೇಲೆ.

ಅಂದಿನಿಂದ ಈ ವಾಕ್ಯವನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಮಾಡುತ್ತಿದ್ದೇನೆ. ‘ಮೊದಲು’ ಎಂಬ ಪದವನ್ನು ತೆಗೆದರೆ ಅಷ್ಟೇನೂ ಕೆಟ್ಟದಾಗಿ ಕೇಳಿಸದು. ತೆಗೆಯಲು ಆಗುತ್ತಿಲ್ಲ.

ಕ್ರಮವಾಗಿ ಬರೆಯುತ್ತೇನೆ. ಕುಕ್ಕರ್, ಇಸ್ತ್ರಿಪೆಟ್ಟಿಗೆ, ನೀರಿನ ಪಂಪುಗಳ ಡಬ್ಬಿಯೊಳಗೆ ಬರುವ ಸೂಚನಾ ಪುಸ್ತಿಕೆಗಳನ್ನು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಉದ್ಯೋಗ. ‘ಬಾನೆಟ್ಟಿನ ಕೆಳಗೆ’ ಎಂಬ ಅಂತರ್ಜಾಲ ಪುಟ ಮಾತ್ರ ನನ್ನ ಸ್ವಂತದ್ದು, ಕನ್ನಡದ್ದು. ಕಾರು ಓಡಿಸಲು ಬರುತ್ತದೆ, ಬಾನೆಟ್ ಎತ್ತಲು ಭಯ ಎನ್ನುವವರಿಗಾಗಿ ಅದನ್ನು ನಡೆಸುತ್ತಿದ್ದೇನೆ. ಆಯಿಲ್ ನೋಡುವುದು ಹೇಗೆ, ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿದರೆ ಏನು ಮಾಡಬೇಕು, ಏರ್ ಫಿಲ್ಟರ್ ಯಾವಾಗ ಬದಲಿಸಬೇಕು, ಇಂಥವು. ಇಂಗ್ಲಿಷ್ ಕೈಪಿಡಿಗಳನ್ನು ಓದಿ ಕನ್ನಡಕ್ಕೆ ತರುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಲವತ್ತು ದಾಟಿದ ಮೇಲೆ ಇಷ್ಟು ಕನ್ನಡ ಬರೆಯುತ್ತೇನಲ್ಲ ಎಂಬ ಹೆಮ್ಮೆ ಪ್ರತಿ ಸಾಲಿನಲ್ಲೂ ಇದೆ, ಈಗ ಓದಿದರೆ ಕಾಣುತ್ತದೆ.

ಎಂಜಿನ್ ತಂಪಾಗಿಡುವ ನೀರು, ಅಂದರೆ ಕೂಲಂಟ್ ಬಗ್ಗೆ ಬರೆದಾಗ ಒಂದು ಸಾಲು ಹೀಗಿತ್ತು: ‘ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಒಳಗಿನ ಮಟ್ಟ ನೋಡಿ.’ ಆರಿದ ಮೇಲೆ ಅಂದರೆ ಬಿಸಿ ಆರಿದ ಮೇಲೆ. ‘ಕಾಫಿ ಆರಿಹೋಗುತ್ತೆ, ಬೇಗ ಕುಡಿ’ ಎಂದು ಅತ್ತಿಗೆ ನನಗೆ ಎಷ್ಟು ಸಲ ಹೇಳಿಲ್ಲ? ಆ ಪದವನ್ನು ಅವರ ಅಡುಗೆಮನೆಯಿಂದಲೇ ಎತ್ತಿಕೊಂಡಿದ್ದೆ. ಓದುಗರೊಬ್ಬರು ‘ಎಂಥ ಅಚ್ಚಕನ್ನಡ!’ ಎಂದು ಮೆಚ್ಚಿ ಬರೆದಿದ್ದರು. ನಾನು ಉಬ್ಬಿದ್ದೆ.

ಶನಿವಾರ ಅತ್ತಿಗೆ ತಮ್ಮ ಹೊಲಿಗೆ ಅಂಗಡಿಗೆ ಬಟ್ಟೆ ತರುತ್ತಿದ್ದಾಗ ಕಾರಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿತಂತೆ. ಪಕ್ಕಕ್ಕೆ ನಿಲ್ಲಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿ, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದರು. ಕುದಿಯುವ ನೀರು ಬಲಗೈಗೆ ಚಿಮ್ಮಿತು. ಮಣಿಕಟ್ಟಿನಿಂದ ಮೊಣಕೈ ತನಕ. ‘ನಿನ್ನ ಪುಟ ಓದಿ ಮುಚ್ಚಳ ತೆಗೆದಳಂತೆ’ ಎಂದಿದ್ದ ಅಣ್ಣ ಫೋನಿನಲ್ಲಿ.

ದೀಪ ಆರಿಸು, ಒಲೆ ಆರಿಸು ಎನ್ನುವುದೂ ಅದೇ ಅಡುಗೆಮನೆಯಲ್ಲೇ.

ನಾನು ತಿದ್ದಿದ ಸಾಲು ಈಗ ಹೀಗಿದೆ: ‘ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮುಟ್ಟಿದರೂ ಬಿಸಿ ತಾಗದಂತಾದ ಮೇಲೆ.’ ತಿದ್ದಿದೆನೆಂದು ಎಲ್ಲಿಯೂ ಹೇಳಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಅವಸರ ಮಾಡಿದೆ, ಅಷ್ಟೆ. ಅಷ್ಟೇ ಎಂದು ಅನ್ನಿಸುತ್ತದೆ.


ಮಾರ್ಚ್ ೧೨, ಬುಧವಾರ

ನಿಘಂಟು ನೋಡಿದೆ. ಎರಡೂ ಅರ್ಥ ಇವೆ. ಮೊದಲು ಕೊಟ್ಟಿರುವುದು ನನ್ನ ಅರ್ಥವನ್ನೇ. ಅಂದರೆ ಪದದ ಬಳಕೆಯಲ್ಲಿ ದೋಷವಿಲ್ಲ. ಸಂದರ್ಭದಲ್ಲಿ ಒಂದು ಸಂದಿಗ್ಧತೆ ಉಂಟಾಗಿದೆ. ಅಲ್ಲದೆ, ಉಗಿ ಹಾಯುವ ಎಂಜಿನ್ನಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರೆಯೇ?

ಈ ಕೊನೆಯ ವಾಕ್ಯವನ್ನು ಹೊಡೆದುಹಾಕಬೇಕೆನ್ನಿಸಿತು. ಇರಲಿ. ಇಂಥದ್ದನ್ನು ಯೋಚಿಸಿದವಳು ನಾನೇ ಎಂದು ಗೊತ್ತಿರಲಿ.


ಮಾರ್ಚ್ ೧೫, ಶನಿವಾರ

ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ಬಲಗೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು, ಎಡಗೈಯಲ್ಲಿ ಕತ್ತರಿ ಹಿಡಿದು ಸುಮ್ಮನೆ ಗಾಳಿ ಕತ್ತರಿಸುತ್ತಿದ್ದರು.

“ಬಾರೇ ಇಂಗ್ಲಿಷಮ್ಮ, ನೋಡು ನನ್ನ ಬಾಕ್ಸಿಂಗ್ ಕೈ. ನಿಮ್ಮಣ್ಣ ಇನ್ನು ಮೇಲೆ ಬಾಯಿ ಬಿಟ್ರೆ ಒಂದು ಕೊಡ್ತೀನಿ.”

“ಕೊಡೋಕೆ ಮುಂಚೆ ಓದೋದು ಕಲಿ” ಎಂದ ಅಣ್ಣ ಪತ್ರಿಕೆಯ ಹಿಂದಿನಿಂದ. “ಓದಕ್ಕೆ ಬರದಿದ್ರೆ ಬಾನೆಟ್ ಯಾಕೆ ಎತ್ತಬೇಕು?”

ತಮಾಷೆಯಂತೆ ಹೇಳಿದ. ಅತ್ತಿಗೆ ನಗಲಿಲ್ಲ. ಹತ್ತನೆಯ ತರಗತಿ ಓದಿದವರು ಅವರು. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಅಣ್ಣನಿಗೆ ಕೇಳಿಸುತ್ತಿದ್ದವರು. ಇವತ್ತು ಪತ್ರಿಕೆ ಅಣ್ಣನ ಕೈಯಲ್ಲಿತ್ತು.

ಅಣ್ಣ ಎದ್ದುಹೋದ ಮೇಲೆ ಅತ್ತಿಗೆ ಫೋನ್ ತೆಗೆದು ನನ್ನ ಪುಟ ತೋರಿಸಿದರು.

“ನೋಡು, ಎಷ್ಟು ಬಿಡಿಸಿ ಬರೆದಿದ್ದೀಯ. ಪೂರ್ತಿ ತಣ್ಣಗಾದ ಮೇಲೆ, ಮುಟ್ಟಿದ್ರೂ ಬಿಸಿ ತಾಗಬಾರದು. ಚಿಕ್ಕ ಮಕ್ಕಳಿಗೆ ಹೇಳಿದ ಹಾಗೆ ಇದೆ. ಆದ್ರೆ ನಾನು ಓದಿದ್ದು ಇದಲ್ಲ ಅಂತ ಅನ್ಸುತ್ತೆ ಕಣೇ. ಬೇರೆ ಏನೋ ಇತ್ತು. ಆರಿಸಿ ತೆಗಿ ಅಂತ ಇತ್ತು ಅಂತ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.”

ನಾನು ಹೇಳಬಹುದಾಗಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ಸಾಲು ನನ್ನ ಕಣ್ಣೆದುರೇ ಇತ್ತು.

“ಗಾಬರಿಯಲ್ಲಿ ಓದಿದರೆ ಹಾಗಾಗುತ್ತೆ ಅತ್ತಿಗೆ” ಎಂದೆ.

“ಗಾಬರಿ ಎಲ್ಲಿತ್ತು? ಹಿಂದಿನ ದಿನ ಅಂಗಡಿಯಲ್ಲಿ ಕೂತು, ಚಹಾ ಕುಡೀತಾ ನಿಧಾನವಾಗಿ ಓದಿದ್ದು.” ನನ್ನ ಕೈಯಿಂದ ಫೋನ್ ತೆಗೆದುಕೊಂಡರು. “ಕುಕ್ಕರ್ ಮುಚ್ಚಳ ಯಾವಾಗ ತೆಗೀಬೇಕು ಅಂತ ಗೊತ್ತಿರೋಳಿಗೆ ಇದು ಗೊತ್ತಾಗ್ಲಿಲ್ಲ. ಪುಟದಲ್ಲಿ ಇದೆಯಲ್ಲ, ತಿಳಿದವಳು ಬರೆದಿದ್ದಾಳಲ್ಲ ಅಂತ ತೆಗೆದೆ.”

ಕಾರಿನ ಕೀಲಿ ಈಗ ಅಣ್ಣನ ಕೀಗೊಂಚಲಿನಲ್ಲಿದೆ.


ಮಾರ್ಚ್ ೧೭, ಸೋಮವಾರ

ಕಚೇರಿಯಲ್ಲಿ ಹೊಸ ಇಸ್ತ್ರಿಪೆಟ್ಟಿಗೆಯ ಪುಸ್ತಿಕೆ. ಹಳೆಯ ಆವೃತ್ತಿಯಲ್ಲಿ ನೀರು ತುಂಬಿಸುವ ಸೂಚನೆ ಅಸ್ಪಷ್ಟವಾಗಿತ್ತೆಂದು ಯಾರೋ ದೂರಿದ್ದರಿಂದ ಸಾಲು ಬದಲಿಸಿದೆವು. ಬಿಸಿ, ಉಗಿ, ವಿದ್ಯುತ್ತಿನ ಯಾವ ಸಾಲು ಬದಲಾದರೂ ಮೊದಲ ಪುಟದಲ್ಲಿ ಕೆಂಪು ಚೌಕದೊಳಗೆ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಅಚ್ಚು ಹಾಕಬೇಕು. ಹಳೆಯದನ್ನು ಓದಿದವರು ಹಳೆಯದನ್ನೇ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ ಎನ್ನುವುದು ಕಾರಣ. ಈ ನಿಯಮ ಬರೆದವಳು ನಾನೇ. ಹೊಸದಾಗಿ ಸೇರಿದ ಹುಡುಗಿಗೆ ಅದನ್ನು ವಿವರಿಸಿದವಳೂ ನಾನೇ, ಇವತ್ತು, ಊಟಕ್ಕೆ ಮುಂಚೆ.

“ಎಷ್ಟು ಜವಾಬ್ದಾರಿಯಿಂದ ಮಾಡ್ತೀರ ಮೇಡಂ” ಎಂದಳು.

“ಥ್ಯಾಂಕ್ಸ್” ಎಂದೆ.


ಮಾರ್ಚ್ ೧೯, ಬುಧವಾರ

ಈಗೀಗ ಸಂಜೆ ಅತ್ತಿಗೆಯ ಅಂಗಡಿಗೆ ಹೋಗುತ್ತೇನೆ, ಇವತ್ತೂ ಹೋದೆ. ಸೂಜಿಗೆ ದಾರ ಪೋಣಿಸಿಕೊಟ್ಟೆ. ಹೇಳಲಿಲ್ಲ.


ಮಾರ್ಚ್ ೨೩, ಭಾನುವಾರ

ಬೆಳಗ್ಗೆ ನಮ್ಮ ಕಾರಿನ ಬಾನೆಟ್ ಎತ್ತಿದೆ. ಮೊದಲ ಸಲ. ಬಾನೆಟ್ಟಿನ ಕೆಳಗೆ ಏನಿದೆಯೆಂದು ಊರಿಗೆಲ್ಲ ಹೇಳಿದವಳು ಕೊಕ್ಕೆ ಎಲ್ಲಿದೆಯೆಂದು ತಡಕಾಡುತ್ತಿದ್ದುದನ್ನು ನನ್ನ ಗಂಡ ಮೆಟ್ಟಿಲ ಮೇಲೆ ನಿಂತು ನೋಡಿದರು.

“ಪುಟದಲ್ಲಿ ಇರುತ್ತೆ ನೋಡು” ಎಂದರು.

ಅವರಿಗೆ ಏನೂ ಗೊತ್ತಿಲ್ಲ. ತಮಾಷೆಗೆ ಹೇಳಿದರು.

ಆಯಿಲ್ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದೆ. ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಆಯಿಲ್ ಇರಬೇಕೆಂದು ಬರೆದಿದ್ದೆ. ನನ್ನ ಕಾರಿನಲ್ಲಿ ಅದು ಕೆಳಗಿನ ಗುರುತಿಗೂ ಕೆಳಗಿತ್ತು, ಡಾಂಬರಿನಂತೆ ಕಪ್ಪಗೆ. ತಿಂಗಳಿಗೊಮ್ಮೆ ನೋಡಿ ಎಂದು ನಾನು ಬರೆದದ್ದನ್ನು ಪಾಲಿಸಿದವರು ಅತ್ತಿಗೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಉಳಿದ ರವಿಕೆ ಬಟ್ಟೆಯ ತುಂಡಿನಿಂದ ಕಡ್ಡಿ ಒರೆಸಿ, ಫೋಟೋ ತೆಗೆದು ನನಗೆ ಕಳಿಸುತ್ತಿದ್ದರು. ನಾನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ.

ರೇಡಿಯೇಟರಿನ ಮುಚ್ಚಳ ಹುಡುಕಿದೆ. ನಮ್ಮ ಕಾರಿಗೆ ಅದು ಇಲ್ಲವೇ ಇಲ್ಲ. ಹೊಸ ಕಾರುಗಳಲ್ಲಿ ಪಕ್ಕದಲ್ಲೊಂದು ಪ್ಲಾಸ್ಟಿಕ್ ತೊಟ್ಟಿ, ಹೊರಗಿನಿಂದಲೇ ಕಾಣುವ ಎರಡು ಗೆರೆಗಳು. ಮುಚ್ಚಳ ಇರುವುದು ಅದಕ್ಕೆ. ಅದರ ಮೇಲೆ ಒಂದು ಚಿತ್ರ: ಕೈ, ಮೇಲೇಳುವ ಉಗಿ, ಅಡ್ಡಗೆರೆ. ಒಂದಕ್ಷರವೂ ಇಲ್ಲ. ಅತ್ತಿಗೆಯ ಹಳೆಯ ಕಾರಿನ ಮುಚ್ಚಳದ ಮೇಲೆ ತುಕ್ಕು ಮಾತ್ರ ಇತ್ತು, ಎಚ್ಚರಿಸಲು ಇದ್ದದ್ದು ನನ್ನ ಸಾಲೊಂದೇ.

ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ತಣ್ಣಗಿತ್ತು.


ಮಾರ್ಚ್ ೨೭, ಗುರುವಾರ

ಅತ್ತಿಗೆ ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದರು. ನಾನೇ ಕರೆದುಕೊಂಡು ಹೋದೆ. ಕರೆದುಕೊಂಡು ಹೋಗುತ್ತೇನೆ ಎಂದು ನಾನಾಗಿಯೇ ಹೇಳಿದ್ದೆ. ಒಳ್ಳೆಯವಳಂತೆ.

ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. “ಗಾಜು ಮತ್ತು ಪ್ಲೈವುಡ್. ಸರಿಯಾ? ಇಲ್ಲಿ ವಾಹನ ನಿಲ್ಲಿಸಬಾರದು. ಸರಿಯಾ? ನಂದು ತಪ್ಪಾದ್ರೆ ಹೇಳು, ಮುಲಾಜು ಬೇಡ.”

“ಎಲ್ಲಾ ಸರಿ ಇದೆ ಅತ್ತಿಗೆ.”

“ಈಗ ಸರಿ ಇದೆ. ಬೇಕಾದಾಗ ಕೈ ಕೊಡುತ್ತೆ.”

ಡಾಕ್ಟರ್ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲವನ್ನೂ ಓದಿಸಿದರು. ಅತ್ತಿಗೆ ತಡವರಿಸದೆ ಓದಿದರು. ನಾನು ಗೋಡೆಗಂಟಿದ ಕುರ್ಚಿಯಲ್ಲಿ ಅವರ ಕೈಚೀಲ ಹಿಡಿದು ಕುಳಿತಿದ್ದೆ.

“ಕಣ್ಣು ಚೆನ್ನಾಗಿದೆ ಅಮ್ಮ. ಈಗಿರೋ ಕನ್ನಡಕವೇ ಸಾಕು.”

“ಇನ್ನೊಂದು ಸಲ ನೋಡಿ ಡಾಕ್ಟ್ರೇ.”

“ಸಂತೋಷಪಡಿ. ಜನ ಇಲ್ಲಿಗೆ ಬಂದು ಅಳ್ತಾರೆ, ನೀವು ಕಣ್ಣು ಸರಿ ಇದೆ ಅಂದ್ರೆ ಮುಖ ಸಣ್ಣ ಮಾಡ್ತೀರಲ್ಲ.”

ಹೊರಗೆ ಬಂದ ಮೇಲೆ ಅತ್ತಿಗೆ ಕಾರು ಹತ್ತಲಿಲ್ಲ. ಬಾಗಿಲ ಮೇಲೆ ಎಡಗೈಯಿಟ್ಟು ನಿಂತರು.

“ಕಣ್ಣೇ ಕೆಟ್ಟಿದ್ರೆ ಚೆನ್ನಾಗಿತ್ತು. ಕನ್ನಡಕ ಬದಲಾಯಿಸಿ ಸುಮ್ಮನಾಗಬಹುದಿತ್ತು. ಕಣ್ಣು ಸರಿ ಇದೆ ಅಂದ್ರೆ ಕೆಟ್ಟಿರೋದು ಇದು ತಾನೇ?” ಹಣೆ ಮುಟ್ಟಿಕೊಂಡರು. “ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಇಲ್ಲದ ಮಾತು ಇತ್ತು ಅಂತ ಹಟ ಹಿಡಿಯೋಳು. ಕೊನೆಗೆ ನನ್ನನ್ನೇ ಯಾರು ನೀನು ಅಂದ್ಳು. ನಿಮ್ಮಣ್ಣನಿಗೆ ಹೇಳಬೇಡ.”

ನಾನು ಅವರ ಬೆನ್ನು ಸವರಿದೆ.

ಬರೆಯಲು ಆಗುತ್ತಿಲ್ಲ. ಇಷ್ಟು ಮಾತ್ರ ಬರೆಯುತ್ತೇನೆ: ಕೈ ಸುಟ್ಟಿದ್ದು ನನ್ನ ಪದ. ಇದನ್ನು ಮಾಡಿದ್ದು ಪದವಲ್ಲ. ನಾನು.


ಮಾರ್ಚ್ ೩೦, ಭಾನುವಾರ

ಹೇಳದಿರಲು ನನಗಿದ್ದ ಕಾರಣಗಳನ್ನು ಒಂದೊಂದಾಗಿ ನೋಡಿದೆ. ಹೇಳಿದರೆ ಅತ್ತಿಗೆಗೆ ನೋವಾಗುತ್ತದೆ: ಸುಳ್ಳು, ನೋವು ಈಗ ಆಗುತ್ತಿದೆ. ಅಣ್ಣನಿಗೂ ನನಗೂ ಮನಸ್ತಾಪವಾಗುತ್ತದೆ: ಆಗಲಿ. ಕಚೇರಿಯವರಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತು: ಪುಟಕ್ಕೂ ಕಚೇರಿಗೂ ಸಂಬಂಧವಿಲ್ಲ.

ಆಮೇಲೆ ಉಳಿಯುವುದು ಒಂದೇ. ‘ಎಂಥ ಅಚ್ಚಕನ್ನಡ’ ಎಂದು ಬರೆದ ಆ ಅಪರಿಚಿತರ ಮುಂದೆ ಸಣ್ಣವಳಾಗುವುದು ನನಗೆ ಬೇಡ. ಅವರ ಮುಖವನ್ನೂ ನೋಡಿಲ್ಲ ನಾನು. ಅತ್ತಿಗೆಯ ಮುಖವನ್ನು ದಿನಾ ನೋಡುತ್ತಿದ್ದೇನೆ.

ಮಧ್ಯಾಹ್ನ ಅಂಗಡಿಯಲ್ಲಿ ಗುಂಡಿ ಹಾಕಿದೆ, ಕಾಜಾ ಹೊಲಿಯಲು ಬರಲಿಲ್ಲ. “ಬಿಡು, ಕೋಳಿ ಕೆದರಿದ ಹಾಗಿದೆ” ಎಂದು ಅತ್ತಿಗೆ ಬಿಚ್ಚಿಸಿದರು. ಮತ್ತೆ ಹೊಲಿದೆ. ಮತ್ತೆ ಬಿಚ್ಚಿಸಿದರು. ಅವರು ಹಾಗೆ ಗದರಿಸುವುದು ಹಿತವಾಗಿತ್ತು. ಅಷ್ಟು ಹೊತ್ತು ತಮ್ಮ ತಲೆಯ ಮೇಲೆ ಅವರಿಗೆ ಅನುಮಾನವಿರಲಿಲ್ಲ.


ಏಪ್ರಿಲ್ ೩, ಗುರುವಾರ

ಬೇಗ ಬರೆದುಬಿಡುತ್ತೇನೆ.

ಕಾರು ಮಾರುವುದೆಂದು ತೀರ್ಮಾನವಾಗಿತ್ತಂತೆ. ತೀರ್ಮಾನಿಸಿದ್ದು ಅಣ್ಣನಲ್ಲ, ಅತ್ತಿಗೆ. ನನಗೆ ಗೊತ್ತಾದದ್ದು ಸಂಜೆ ಅವರ ಮನೆಗೆ ಹೋದಾಗಲೇ. ಅಂಗಳದಲ್ಲಿ ಮೆಕ್ಯಾನಿಕ್ ಕೊಳ್ಳುವವನೊಬ್ಬನನ್ನು ಕರೆತಂದು ನಿಂತಿದ್ದ. ಆ ಮೆಕ್ಯಾನಿಕ್ಕಿಗೆ ಅತ್ತಿಗೆ ಇಟ್ಟಿರುವ ಹೆಸರು ಸೈಲೆನ್ಸರ್, ಏಕೆಂದರೆ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ.

“ಒಳ್ಳೆ ಗಾಡಿ ಸಾರ್, ಒಬ್ಬರೇ ಓಡಿಸಿದ್ದು. ಒಂದು ಪೈಪು ಸೀಳಿತ್ತು, ನೀರು ಸೋರಿ ಬಿಸಿ ಆಯ್ತು, ಹೊಸದು ಹಾಕಿದೀನಿ. ಅಮ್ಮಾವ್ರು ಫೋನಲ್ಲಿ ಓದಿ ಓದಿ ರಿಪೇರಿ ಮಾಡಕ್ಕೆ ಹೋದ್ರು, ಅದೊಂದೇ ಗಾಡೀಗೆ ಆಗಿರೋ ಆಕ್ಸಿಡೆಂಟು!” ಎಂದು ತನ್ನ ಮಾತಿಗೆ ತಾನೇ ನಕ್ಕ.

“ಯಾಕೆ ಮಾರ್ತಿದ್ದೀರಮ್ಮ?” ಎಂದು ಕೊಳ್ಳುವವನು ಕೇಳಿದ.

“ನಂಗೆ ಓದಿದ್ದು ತಲೆಗೆ ಹತ್ತಲ್ಲಪ್ಪ” ಎಂದರು ಅತ್ತಿಗೆ. ಎಷ್ಟು ಸಲೀಸಾಗಿ ಹೇಳಿದರೆಂದರೆ, ತುಂಬ ಸಲ ಮನಸ್ಸಿನಲ್ಲಿ ಹೇಳಿಕೊಂಡಿರಬೇಕು.

ಕಾರಿನ ಕಾಗದಗಳನ್ನು ತರಲು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ. ಹೊರಗೆ ಸೈಲೆನ್ಸರ್ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಜೋರಾಗಿ ಒತ್ತಿ ಒತ್ತಿ ಕೊಳ್ಳುವವನಿಗೆ ಶಬ್ದ ಕೇಳಿಸುತ್ತಿದ್ದ. ಕಿಟಕಿಯ ಗಾಜು ಅದುರುತ್ತಿತ್ತು. ಆ ಗದ್ದಲದಲ್ಲೇ ಹೇಳಿದೆ. ಪೂರ್ತಿ ವಾಕ್ಯ ಹೇಳಿದೆ. ಅತ್ತಿಗೆ ಕಪಾಟಿನೊಳಗೆ ಕೈ ಹಾಕಿದ್ದರು, ತಿರುಗಲಿಲ್ಲ. ಶಬ್ದ ನಿಂತಿತು.

“ಏನೋ ಅಂದೆಯಲ್ಲ?”

“ಏನಿಲ್ಲ” ಎಂದೆ.

ಹೇಳಿದ್ದಾಯಿತಲ್ಲ, ಕೇಳಿಸದಿದ್ದರೆ ನಾನೇನು ಮಾಡಲಿ ಎಂದು ಒಂದು ಕ್ಷಣ ಹಗುರವಾದೆ. ಅದನ್ನೂ ಬರೆದಿಡುತ್ತೇನೆ.

ಅತ್ತಿಗೆ ಕಾಗದ ಹಿಡಿದು ಬಾಗಿಲ ತನಕ ಹೋದರು. ಅಲ್ಲಿ ನಿಂತು, ಮೇಲಿನ ಹಾಳೆಯನ್ನು ಕಣ್ಣಿನ ಹತ್ತಿರ ತಂದು, ತುಟಿ ಅಲ್ಲಾಡಿಸುತ್ತ ಓದಿದರು. ಆಮೇಲೆ ನನ್ನ ಮುಂದೆ ಹಿಡಿದರು. “ಇದೇ ತಾನೇ ಗಾಡಿ ಕಾಗದ? ನೀನೊಂದು ಸಲ ನೋಡು. ನನ್ನ ನಂಬಬೇಡ.”

“ಅತ್ತಿಗೆ, ನೀವು ಸರಿಯಾಗೇ ಓದಿದ್ರಿ.”

“ಇನ್ನೂ ಪೂರ್ತಿ ಓದಿಲ್ಲ.”

“ಇದಲ್ಲ. ಅವತ್ತು. ನನ್ನ ಪುಟದಲ್ಲಿ ‘ಆರಿದ ಮೇಲೆ’ ಅಂತಲೇ ಇತ್ತು. ಅಣ್ಣ ಫೋನ್ ಮಾಡಿದ ಮೇಲೆ ನಾನು ಬದಲಾಯಿಸಿದೆ. ಯಾರಿಗೂ ಹೇಳ್ಲಿಲ್ಲ.”

ಅತ್ತಿಗೆ ಮನೆಯಲ್ಲಿಟ್ಟಿದ್ದ ಇನ್ನೊಂದು ಹೊಲಿಗೆಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತರು.

“ಏನಂತ ಇತ್ತು? ಇನ್ನೊಂದು ಸಲ ಹೇಳು.”

“ಎಂಜಿನ್ ಆರಿದ ಮೇಲೆ ಮುಚ್ಚಳ ತೆಗೆದು ನೋಡಿ ಅಂತ.”

“ಆರಿದ ಮೇಲೆ” ಎಂದರು. “ಆರಿದ ಮೇಲೆ. ಹೌದು. ಹೌದು, ಹಾಗೇ ಇತ್ತು. ಎರಡನೇ ಸಾಲು. ಆರಿಸಿದ್ದೆನಲ್ಲ ನಾನು!” ಮುಖ ಅರಳಿತು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಳೆದುಹೋದ ಒಡವೆ ಸಿಕ್ಕಿದವರಂತೆ ನಕ್ಕರು. ಅಷ್ಟು ಸಂತೋಷವನ್ನು ನಾನು ಕೊಟ್ಟೆನೆಂದು ಒಂದು ಗಳಿಗೆ ನನಗೂ ನಗು ಬಂತು.

ಆಮೇಲೆ ಅವರು ನನ್ನನ್ನು ನೋಡಿದರು.

“ಕೈ ಸುಟ್ಟಿದ್ದು ಬಿಡು. ಯಾರಿಗಾದ್ರೂ ತಪ್ಪಾಗುತ್ತೆ. ಕಣ್ಣಿನ ಡಾಕ್ಟರ ಹತ್ರ ನನ್ನ ಜೊತೆ ಬಂದು ಕೂತಿದ್ದೆಯಲ್ಲ? ಚೀಲ ಹಿಡ್ಕೊಂಡು? ನಮ್ಮಮ್ಮನ ವಿಷಯ ಹೇಳಿದಾಗ ಬೆನ್ನು ಸವರಿದೆಯಲ್ಲ?”

“ಹೌದು” ಎಂದೆ.

ಅತ್ತಿಗೆ ಎದ್ದು ಬಾಗಿಲಿಗೆ ಹೋಗಿ ಹೊರಗೆ ಕೂಗಿದರು: “ಸೈಲೆನ್ಸರಪ್ಪ, ಬಾನೆಟ್ ಮುಚ್ಚು. ಗಾಡಿ ಕೊಡಲ್ಲ.”

“ಅಮ್ಮಾ, ಪಾರ್ಟಿ ಅಷ್ಟು ದೂರದಿಂದ ಬಂದಿದಾರೆ—”

“ಚಹಾ ಕೊಡ್ತೀನಿ, ಕುಡಿದು ಅಷ್ಟೇ ದೂರ ವಾಪಸ್ ಹೋಗ್ಲಿ.”

ನನ್ನ ಕಡೆ ತಿರುಗದೆಯೇ ಹೇಳಿದರು: “ನೀವು ಹೊರಡಿ.”

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ನನ್ನನ್ನು ನೀನು ಎಂದೇ ಕರೆದವರು.


ಏಪ್ರಿಲ್ ೪, ಶುಕ್ರವಾರ

ಫೋನ್ ಮಾಡಿದೆ. ಎತ್ತಲಿಲ್ಲ. ಅಂಗಡಿಯ ಎದುರು ಹೋದೆ. ಒಳಗೆ ಯಂತ್ರದ ಸದ್ದು ಕೇಳಿಸಿತು, ಬಲಗೈಯಿಂದಲೇ ತಿರುಗಿಸುತ್ತಿರಬೇಕು. ಒಳಗೆ ಹೋಗಲಿಲ್ಲ.


ಏಪ್ರಿಲ್ ೬, ಭಾನುವಾರ

ಬೆಳಗ್ಗೆ ಅತ್ತಿಗೆಯ ಫೋನ್. ನಮಸ್ಕಾರವಿಲ್ಲ, ಏನಿಲ್ಲ.

“ನಿನ್ನ ಪುಟದಲ್ಲಿ ತಪ್ಪೊಪ್ಪಿಕೊಂಡು ಬರೆದಿದ್ದೀಯಾ?”

ನೀನು ಎಂದರು.

“ಬರೆದಿದ್ದೀನಿ. ಹಾಕಿಲ್ಲ.”

“ತಗೊಂಡು ಬಾ. ಹಾಕೋಕೆ ಮುಂಚೆ ನಿಮ್ಮಣ್ಣನಿಗೆ ಬಾಯಲ್ಲಿ ಹೇಳು. ಫೋನಲ್ಲಿ ಓದಿ ತಿಳ್ಕೊಳ್ಳೋದು ಬೇಡ. ನಮ್ಮನೇಲಿ ಓದೋ ವಿಷಯ ಸ್ವಲ್ಪ ಕಷ್ಟ.”

ಅಣ್ಣನಿಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀನಾ?” ಎಂದ, ಅಷ್ಟೆ. ಬಳಿಕ ಅತ್ತಿಗೆಯ ಕಡೆ ನೋಡಿ, ನೋಡಲಾಗದೆ, ಕೀಗೊಂಚಲಿನಿಂದ ಕಾರಿನ ಕೀಲಿ ಬಿಡಿಸಿ ಹೊಲಿಗೆಯಂತ್ರದ ಮೇಲಿಟ್ಟ.

ಅತ್ತಿಗೆ ಮುಟ್ಟಲಿಲ್ಲ. “ಬಾಯಲ್ಲಿ ಏನಾದ್ರೂ ಹೇಳಿ ಕೊಡಿ.”

“ತಗೋ.”

“ಇಷ್ಟೇನಾ? ಓದೋದು ಕಲಿ, ಓದೋದು ಕಲಿ ಅಂತ ತಿಂಗಳೆಲ್ಲಾ ಹೇಳಿದ್ರಲ್ಲ, ಆಗ ಎಷ್ಟು ಮಾತಿತ್ತು!”

ಅಣ್ಣ ಕೀಲಿ ಎತ್ತಿ ಅವರ ಮುಂದೆ ಹಿಡಿದ. “ತಪ್ಪಾಯ್ತು. ತಗೋ.” ಆಮೇಲೆ ಪತ್ರಿಕೆಯನ್ನು ತಂದು ಅತ್ತಿಗೆಯ ಪಕ್ಕದಲ್ಲಿಟ್ಟು ಹೊರಗೆ ಹೋದ.

ನಾನು ಬರೆದದ್ದನ್ನು ಅತ್ತಿಗೆ ಗಟ್ಟಿಯಾಗಿ ಓದಿದರು. ಮೊದಲ ಸಾಲಿನಲ್ಲೇ ನಿಂತರು.

“‘ಪದಬಳಕೆಯ ಸಂದಿಗ್ಧತೆಯಿಂದ ಉಂಟಾದ ಅನಾಹುತಕ್ಕೆ ವಿಷಾದಿಸುತ್ತಾ.’ ಈ ಸಂದಿಗ್ಧತೆ ಯಾರ ಮನೆಯವಳು? ಅವಳು ಬಂದು ನನ್ನ ಕೈ ಸುಟ್ಟಳಾ?”

“ತೆಗೀತೀನಿ.”

“ವಿಷಾದನೂ ತೆಗಿ. ಮೊದಲು ಮುಚ್ಚಳದ ವಿಷಯ ಹೇಳು. ನಿನ್ನ ಹಳೇ ಸಾಲನ್ನ ಎಷ್ಟು ಜನ ಓದಿದ್ದಾರೋ. ಅವರೆಲ್ಲ ಮತ್ತೆ ಬಂದು, ಅಯ್ಯೋ ಬದಲಾಗಿದೆಯಾ ಅಂತ ನೋಡ್ತಾರಾ? ಯಾರೋ ಒಬ್ಬಳು ಇವತ್ತು ಗಾಡಿ ನಿಲ್ಲಿಸಿ, ಬಟ್ಟೆ ಸುತ್ತಿ, ತಿರುಗಿಸ್ತಿದ್ರೆ?”

ಇಷ್ಟು ದಿನ ನಾನು ಅತ್ತಿಗೆಯೊಬ್ಬರನ್ನೇ ಯೋಚಿಸಿದ್ದೆ. ಅಲ್ಲ, ನನ್ನೊಬ್ಬಳನ್ನೇ. ಕೆಂಪು ಚೌಕದ ನಿಯಮ ಬರೆದವಳಿಗೆ ಇದು ಹೊಳೆದಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದದ್ದನ್ನು ಪಕ್ಕಕ್ಕೆ ತಳ್ಳಿದ್ದೆ. “ಈಗಲೇ ಹಾಕ್ತೀನಿ” ಎಂದೆ.

“ಮುಚ್ಚಳದ ಎರಡು ಸಾಲು ಈಗಲೇ ಹಾಕು. ಉಳಿದದ್ದು ನಾಳೆ ಬೆಳಗ್ಗೆ. ಭಾನುವಾರ ಯಾರೂ ಓದಲ್ಲ, ಹಾಕಿ ಮುಗಿಸಿದೆ ಅಂತ ನೀನು ಸಮಾಧಾನ ಮಾಡ್ಕೊಳ್ತೀಯ. ಸೋಮವಾರ ಎಲ್ಲರೂ ಗಾಡಿ ತೆಗೆಯೋ ಹೊತ್ತಿಗೆ ಹಾಕು. ಎಲ್ಲರೂ ನೋಡ್ಲಿ.”

ನನ್ನನ್ನು ಇಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ.

ಮುಚ್ಚಳದ ಎಚ್ಚರಿಕೆಯನ್ನು ಅಲ್ಲಿಯೇ ಕುಳಿತು ಹಾಕಿದೆ. ಉಳಿದದ್ದನ್ನು ಇಬ್ಬರೂ ಸೇರಿ ಕತ್ತರಿಸಿದೆವು. ನನಗಾಗಿ ನಾನು ಬರೆದುಕೊಂಡಿದ್ದ ಸಾಲುಗಳೆಲ್ಲ ಹೋದವು. ‘ಅತ್ತಿಗೆ’ ಎಂದು ಬರೆಯಲೇ, ‘ಒಬ್ಬ ಓದುಗರು’ ಎಂದು ಬರೆಯಲೇ ಎಂದು ಕೇಳಿದೆ. “ಅತ್ತಿಗೆ ಅಂತಲೇ ಬರಿ. ಓದುಗರು ಅಂದ್ರೆ ನಿಂಗೆ ಸುಲಭ ಆಗುತ್ತೆ” ಎಂದರು. ಚಹಾ ಕೊಡಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಅವರ ಮಣಿಕಟ್ಟಿನ ಹೊಸ ಚರ್ಮ ನೋಡಿದೆ. ನಸುಗೆಂಪಾಗಿ, ಇಸ್ತ್ರಿ ಮಾಡಿದಂತೆ ನುಣ್ಣಗಿದೆ.

ಬರಹ ಈಗ ಹೀಗಿದೆ:

‘ಬಿಸಿ ಎಂ‌ಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆಗೆಯಬೇಡಿ. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರೆ ಸಾಲದು, ಒಳಗೆ ನೀರು ಇನ್ನೂ ಕುದಿಯುತ್ತಿರುತ್ತದೆ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಮುಟ್ಟಿದರೆ ಬಿಸಿ ತಾಗದಂತಾಗುವ ತನಕ ಕಾಯಿರಿ.

ಮಾರ್ಚ್ ಎಂಟರ ಸಂಜೆಯ ತನಕ ಈ ಪುಟದಲ್ಲಿ “ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಒಳಗಿನ ಮಟ್ಟ ನೋಡಿ” ಎಂದಿತ್ತು. ಹಾಗೆ ಬರೆದವಳು ನಾನು. ನನ್ನ ಅತ್ತಿಗೆ ಅದನ್ನು ಓದಿ, ಎಂಜಿನ್ ಆರಿಸಿ, ಮುಚ್ಚಳ ತೆಗೆದರು. ಅವರ ಬಲಗೈ ಸುಟ್ಟಿತು. ಅವರು ಸರಿಯಾಗಿಯೇ ಓದಿದ್ದರು. ಅದೇ ಸಂಜೆ ನಾನು ಯಾರಿಗೂ ಹೇಳದೆ ಪದ ಬದಲಿಸಿದೆ. ತಾವೇ ತಪ್ಪು ಓದಿದೆವೆಂದು ಅವರು ನಂಬಿದರು. ನಂಬುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ.

ಹಳೆಯ ಸಾಲು ನಿಮ್ಮ ನೆನಪಿನಲ್ಲಿದ್ದರೆ, ನಿಮ್ಮ ನೆನಪು ಸರಿಯಾಗಿದೆ. ಸಾಲು ತಪ್ಪು.’

ಪ್ರಕಟಿಸುವುದು: ಏಪ್ರಿಲ್ ೭, ಸೋಮವಾರ.